ಬೆಕ್ಕು ಹೋಯಿತು, ಮೊಲ ಹೆಚ್ಚಿತು: ಮ್ಯಾಕ್ವಾರಿ ದ್ವೀಪದ ಪ್ರಕರಣ

ಕಾಡು, ದ್ವೀಪ, ಹುಲ್ಲುಗಾವಲು ಉಳಿಸುವ ಕೆಲಸದಲ್ಲಿ ಹಿರಿಯ ಪರಿಸರ ವಿಜ್ಞಾನಿ ಏನು ಮಾಡಬೇಕು? ಗಿಡ ಎಣಿಸುವವರು, ಹಕ್ಕಿ ಗುರುತಿಸುವವರು, ನಕ್ಷೆ ಬರೆಯುವವರು ತಂಡದಲ್ಲಿ ಇದ್ದೇ ಇರುತ್ತಾರೆ. ಹಿರಿಯರ ಪಾಲಿಗೆ ಬರುವುದು ಬೇರೆ ಥರದ ಪ್ರಶ್ನೆಗಳು. ಹೊರಗಿನಿಂದ ಬಂದು ಸೇರಿಕೊಂಡ ಪ್ರಾಣಿಯನ್ನು ತೆಗೆಯಬೇಕಾ? ಇಷ್ಟು ದಿನ ಅದು ಯಾವುದನ್ನು ಅದುಮಿ ಹಿಡಿದಿತ್ತು? ಅದು ಮೇಲೆದ್ದರೆ ಏನು ಗತಿ? ಕೆಲಸ ಅರ್ಧಕ್ಕೆ ಕೆಟ್ಟರೆ ನಿಲ್ಲಿಸಿ ಅಂತ ಯಾರು ಹೇಳಬೇಕು?

ಇವೆಲ್ಲ ಒಂದೇ ಜಾಗದಲ್ಲಿ ದಾಖಲೆ ಸಮೇತ ಸಿಗುವುದು ಮ್ಯಾಕ್ವಾರಿ ದ್ವೀಪದ ಪ್ರಕರಣದಲ್ಲಿ. ಈ ವೃತ್ತಿಗೆ ಬರಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದನ್ನು ಬಹಳ ಕಡೆ 'ಬೆಕ್ಕು ತೆಗೆದರು, ದ್ವೀಪ ಹಾಳಾಯಿತು' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಒಂದು ಸಾಲು ನಂಬಿಕೊಂಡರೆ ತಪ್ಪು ಪಾಠ ಕಲಿತ ಹಾಗಾಗುತ್ತದೆ.

ಜಾಗ ಮತ್ತು ಬಂದು ಸೇರಿದವರು

ಮ್ಯಾಕ್ವಾರಿ ಆಸ್ಟ್ರೇಲಿಯಾದ್ದು, ಟಾಸ್ಮೇನಿಯಾ ರಾಜ್ಯದ ಆಡಳಿತಕ್ಕೆ ಸೇರಿದ್ದು. ಟಾಸ್ಮೇನಿಯಾದಿಂದ ಸುಮಾರು 1,500 ಕಿ.ಮೀ. ಆಗ್ನೇಯಕ್ಕೆ, ಅಂಟಾರ್ಕ್ಟಿಕಾಕ್ಕೆ ಹೋಗುವ ದಾರಿಯ ಹೆಚ್ಚೂಕಡಿಮೆ ನಡುವೆ ಇದೆ. ಉದ್ದ 34 ಕಿ.ಮೀ., ಅಗಲ ಹೆಚ್ಚೆಂದರೆ ಐದೂವರೆ ಕಿ.ಮೀ. ವಿಸ್ತೀರ್ಣ ಸುಮಾರು 128 ಚದರ ಕಿ.ಮೀ. ಮರ ಒಂದೂ ಇಲ್ಲ. ನಡುವೆ ಗಾಳಿ ಬಡಿಯುವ ಎತ್ತರದ ಬಯಲು, ಸುತ್ತ ಕಡಲಿಗೆ ಇಳಿಯುವ ಕಡಿದಾದ ಇಳಿಜಾರು. ಆ ಇಳಿಜಾರಿನ ತುಂಬ ಆಳೆತ್ತರಕ್ಕೆ ಬೆಳೆಯುವ ಟಸಕ್ ಹುಲ್ಲು, ಬೆಳ್ಳಿಬಣ್ಣದ ಎಲೆಯ ಪ್ಲ್ಯೂರೋಫಿಲಮ್, ಅಗಲ ಎಲೆಯ 'ಮ್ಯಾಕ್ವಾರಿ ಎಲೆಕೋಸು'. ರಾಯಲ್ ಪೆಂಗ್ವಿನ್ ಅನ್ನುವ ಹಕ್ಕಿ ಹೆಚ್ಚೂಕಡಿಮೆ ಇಲ್ಲಿ ಮಾತ್ರ ಮರಿ ಮಾಡುತ್ತದೆ. ಕಡಲ ತಳದ ಬಂಡೆ, ಅದಕ್ಕೂ ಕೆಳಗಿನ ಪದರದ ಬಂಡೆ ನೀರಿನ ಮೇಲೆ ಎದ್ದು ಬಂದಿರುವ ಜಾಗ ಇದು. ಆ ಕಾರಣಕ್ಕೆ ಮತ್ತು ಅಲ್ಲಿನ ಚೆಲುವಿಗಾಗಿ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನೆಲದ ಮೇಲೆ ಬೇಟೆಯಾಡುವ ಸಸ್ತನಿಯಾಗಲಿ ಹುಲ್ಲು ಮೇಯುವ ಸಸ್ತನಿಯಾಗಲಿ ಈ ದ್ವೀಪಕ್ಕೆ ಗೊತ್ತೇ ಇರಲಿಲ್ಲ. ಅಲ್ಲಿನ ಹಕ್ಕಿಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುವುದೂ, ಗಿಡಗಳಿಗೆ ಮುಳ್ಳು, ಗಟ್ಟಿ ಕಾಂಡ ಅಂತ ಏನೂ ಇಲ್ಲದಿರುವುದೂ ಅದಕ್ಕೇ.

1810ರಲ್ಲಿ ಸೀಲ್ ಬೇಟೆಗಾರರ ಕಣ್ಣಿಗೆ ದ್ವೀಪ ಬಿತ್ತು. ತುಪ್ಪಟದ ಸೀಲ್‌ಗಳು ಕೆಲವೇ ವರ್ಷಗಳಲ್ಲಿ ಹೆಚ್ಚೂಕಡಿಮೆ ಖಾಲಿಯಾದವು. ಆಮೇಲೆ ಎಣ್ಣೆಗಾಗಿ ಆನೆ ಸೀಲ್, ಪೆಂಗ್ವಿನ್‌ಗಳ ಸರದಿ. ಹಡಗುಗಳ ಜೊತೆ ಬೆಕ್ಕು ಬಂದಿತು. 1820ರ ಹೊತ್ತಿಗಾಗಲೇ ಅವು ದ್ವೀಪದಲ್ಲಿ ಕಾಡುಪಾಲಾಗಿದ್ದವು. ದೊಡ್ಡ ಇಲಿ, ಚಿಟ್ಟಿಲಿ ಕೂಡ ಹಡಗಿನಿಂದಲೇ ಇಳಿದವು. 1860-70ರ ದಶಕಗಳಲ್ಲಿ ಊಟಕ್ಕೆ ಆಗಲಿ ಅಂತ ನ್ಯೂಜಿಲೆಂಡಿನಿಂದ ವೆಕಾ ಅನ್ನುವ ಹಾರದ ಹಕ್ಕಿ ತಂದು ಬಿಟ್ಟರು. 1870ರ ದಶಕದ ಕೊನೆಗೆ ಅದೇ ಕಾರಣಕ್ಕೆ ಮೊಲ.

ಇಲ್ಲೊಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ದ್ವೀಪದಲ್ಲಿ ನೆಲದ ಮೇಲೆ ಗೂಡು ಮಾಡುವ ಒಂದು ಗಿಳಿ ಇತ್ತು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. ಬೆಕ್ಕು ಬಂದ ಮೇಲೂ ಅದು 60 ವರ್ಷದಷ್ಟು ಕಾಲ ಬದುಕಿಕೊಂಡಿತ್ತು. ಮೊಲ ಬಂದು ಹತ್ತು ಹದಿನೈದು ವರ್ಷದೊಳಗೆ ಇಲ್ಲವಾಯಿತು. ಮೊಲ ಗಿಳಿಯನ್ನು ತಿನ್ನುವುದಿಲ್ಲ ಅಲ್ವಾ? ಮತ್ತೆ ಹೇಗೆ? 1979ರಲ್ಲಿ ರೌಲಿ ಟೇಲರ್ ಅನ್ನುವ ನ್ಯೂಜಿಲೆಂಡಿನ ತಜ್ಞರು ಇದಕ್ಕೆ ವಿವರಣೆ ಕೊಟ್ಟರು. ಚಳಿಗಾಲದಲ್ಲಿ ಕಡಲಹಕ್ಕಿಗಳು ಬಹುಪಾಲು ದ್ವೀಪ ಬಿಟ್ಟು ಹೋಗುತ್ತವೆ. ಆ ತಿಂಗಳುಗಳಲ್ಲಿ ಬೆಕ್ಕಿಗೆ ತಿನ್ನಲು ಸಿಗುತ್ತಿದ್ದುದು ಕಡಿಮೆ, ಹಾಗಾಗಿ ಬೆಕ್ಕಿನ ಸಂಖ್ಯೆ ತಾನಾಗಿ ಮಿತಿಯಲ್ಲಿತ್ತು. ಮೊಲ ಬಂದ ಮೇಲೆ ವರ್ಷವಿಡೀ ಊಟ ಸಿಕ್ಕಿತು. ಬೆಕ್ಕು, ವೆಕಾ ಎರಡೂ ಹೆಚ್ಚಿದವು. ಹೆಚ್ಚಾದ ಬೆಕ್ಕುಗಳ ಬಾಯಿಗೆ ಗಿಳಿ ಹೋಯಿತು.

ಒಂದು ಪ್ರಾಣಿಯ ಹಾನಿ ಎಷ್ಟು ಅನ್ನುವುದು ಅದರ ಪಕ್ಕದಲ್ಲಿ ಇನ್ಯಾವ ಪ್ರಾಣಿ ಇದೆ ಅನ್ನುವುದರ ಮೇಲೆ ನಿಂತಿದೆ. ಮುಂದೆ ನೂರು ವರ್ಷ ಕಳೆದು ಆದದ್ದೆಲ್ಲ ಈ ಮಾತಿನ ಸುತ್ತವೇ ತಿರುಗುತ್ತದೆ.

ಚಿಗಟ, ವೈರಸ್, ಬೆಕ್ಕು

1970ರ ದಶಕದ ಕೊನೆಗೆ ದ್ವೀಪದಲ್ಲಿ ಸುಮಾರು 1,50,000 ಮೊಲಗಳಿದ್ದವು. ಇಳಿಜಾರುಗಳು ಬೋಳಾಗುತ್ತಿದ್ದವು. ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ರೋಗ ತಂದು ಕೊಲ್ಲುವ ಮಿಕ್ಸೋಮಾ ವೈರಸ್ ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ಆದರೆ ವೈರಸ್ ಒಂದು ಮೊಲದಿಂದ ಇನ್ನೊಂದಕ್ಕೆ ಹರಡಲು ಕಚ್ಚುವ ಹುಳ ಬೇಕು. ದ್ವೀಪದಲ್ಲಿ ಆ ಕೆಲಸಕ್ಕೆ ಆಗುವ ಹುಳ ಇರಲಿಲ್ಲ. ಹಾಗಾಗಿ ಹತ್ತು ವರ್ಷ ಮೊದಲೇ, 1968ರಲ್ಲಿ, ಯುರೋಪಿನ ಮೊಲದ ಚಿಗಟವನ್ನು ತಂದು ನೆಲೆಗೊಳಿಸಿದರು. ಅದು ಹರಡಿಕೊಳ್ಳಲು ಕಾದು, 1978ರಲ್ಲಿ ವೈರಸ್ ಬಿಟ್ಟರು. ಹತ್ತು ವರ್ಷದೊಳಗೆ ಮೊಲಗಳು 20,000ಕ್ಕೂ ಕೆಳಗಿಳಿದವು. ಹುಲ್ಲು ಮತ್ತೆ ಚಿಗುರಿತು.

ಈಗ ಬೆಕ್ಕಿನ ಊಟ ಕಮ್ಮಿಯಾಯಿತು. ಹಸಿದ ಬೆಕ್ಕು ಏನು ಮಾಡುತ್ತದೆ? ಬಿಲದೊಳಗಿನ ಪೆಟ್ರೆಲ್ ಹಕ್ಕಿಗಳ ಕಡೆ ತಿರುಗುತ್ತದೆ. ವರ್ಷಕ್ಕೆ ಸುಮಾರು 60,000 ಕಡಲಹಕ್ಕಿಗಳು ಬೆಕ್ಕಿನ ಪಾಲಾಗುತ್ತಿವೆ ಅಂತ ಅಂದಾಜು ಮಾಡಲಾಗಿತ್ತು. 1985ರಲ್ಲಿ ಬೆಕ್ಕುಗಳನ್ನು ದ್ವೀಪದಿಂದ ಪೂರ್ತಿ ತೆಗೆಯುವ ಕೆಲಸ ಶುರುವಾಯಿತು. ಬೋನು, ಬಂದೂಕು, ಚಳಿ, ಮಳೆ. ಕೊನೆಯ ಬೆಕ್ಕು ಹೋದದ್ದು 2000ದಲ್ಲಿ. ವೆಕಾಗಳನ್ನು ಅದಕ್ಕೂ ಹತ್ತು ವರ್ಷ ಮೊದಲೇ ಮುಗಿಸಿದ್ದರು.

ಫಲ ಬೇಗ ಕಾಣಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ದ್ವೀಪದಲ್ಲಿ ಮರಿ ಮಾಡದಿದ್ದ ಬೂದು ಪೆಟ್ರೆಲ್ ಮತ್ತೆ ಬಂದು ಗೂಡು ಕಟ್ಟಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ 'ದ್ವೀಪ ಹಾಳಾಯಿತು' ಅನ್ನುವ ಕಥೆಯಲ್ಲಿ ಈ ಹಕ್ಕಿ ಬರುವುದೇ ಇಲ್ಲ.

2000ದಿಂದ 2007ರವರೆಗೆ

ಆಮೇಲೆ ಮೊಲ ಹೆಚ್ಚಿತು. 2006ರ ಹೊತ್ತಿಗೆ ಒಂದು ಲಕ್ಷ ದಾಟಿತ್ತು.

ಮೊಲ ಹುಲ್ಲಿನ ತುದಿ ಮೇಯ್ದು ಮುಂದೆ ಹೋದರೆ ಪರವಾಗಿಲ್ಲ, ಹುಲ್ಲು ಮತ್ತೆ ಬರುತ್ತದೆ. ಟಸಕ್ ಹುಲ್ಲಿನಲ್ಲಿ ಹಾಗಾಗುವುದಿಲ್ಲ. ಹೊಸ ಕುಡಿ ಹುಟ್ಟುವ ಬುಡದಲ್ಲೇ ಮೊಲ ಕಡಿಯುತ್ತದೆ, ಬೇರಿನ ಪಕ್ಕ ಕೆರೆಯುತ್ತದೆ. ಒಂದು ಬುಡ ಸತ್ತರೆ ಅದರ ಕೆಳಗಿನ ಪೀಟ್ ಮಣ್ಣು (ಅರೆಕೊಳೆತ ಗಿಡಗಳಿಂದಾದ ಮೆತ್ತನೆಯ ಮಣ್ಣು) ಬಿಚ್ಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮಣ್ಣು ಹಿಡಿದು ನಿಲ್ಲಿಸಿರುವುದು ಆ ಬೇರುಗಳೇ. ಮೇಲಿಂದ ಸೋನೆ ಮಳೆ ವರ್ಷದ ಬಹುಪಾಲು ದಿನ ಬೀಳುತ್ತಲೇ ಇರುತ್ತದೆ. ಬಿಲ ಮುಚ್ಚಿ ಕಾಪಾಡುತ್ತಿದ್ದ ಹುಲ್ಲು ಹೋದರೆ ಪೆಟ್ರೆಲ್ ಮರಿಗಳು ಸ್ಕುವಾ ಹಕ್ಕಿಗಳ ಕಣ್ಣಿಗೆ ನೇರ ಬೀಳುತ್ತವೆ. ಬೆಕ್ಕಿನಿಂದ ಉಳಿದ ಹಕ್ಕಿಗೆ ಈಗ ಮನೆಯೇ ಇಲ್ಲ.

2006ರ ಸೆಪ್ಟೆಂಬರ್‌ನಲ್ಲಿ ಲುಸಿಟೇನಿಯಾ ಕೊಲ್ಲಿಯಲ್ಲಿ ದೊಡ್ಡ ಗುಡ್ಡ ಕುಸಿದು ಪೆಂಗ್ವಿನ್‌ಗಳ ನೆಲೆಯ ಒಂದು ಭಾಗದ ಮೇಲೆ ಬಿತ್ತು. ಜೋರು ಮಳೆ, ಅದರ ಜೊತೆ ಮೊಲ ಮೇಯ್ದು ಸಡಿಲಾಗಿದ್ದ ಮಣ್ಣು. ದೂರದ ದ್ವೀಪದ ಸುದ್ದಿ ಪತ್ರಿಕೆಗಳ ಮೊದಲ ಪುಟಕ್ಕೆ ಬರುವುದು ಇಂಥದ್ದು ಆದಾಗಲೇ. ಹಣಕಾಸಿನ ಮಾತು ಮುಂದಕ್ಕೆ ಹೋಗಿದ್ದೂ ಅದರ ನಂತರವೇ. ಈ ವೃತ್ತಿಯಲ್ಲಿ ಇರುವವರಿಗೆ ಇದು ನೋವಿನ ವಿಷಯ. ಹುಲ್ಲಿನ ಬುಡ ಸಾಯುತ್ತಿದೆ ಅಂತ ವರ್ಷಗಟ್ಟಲೆ ವರದಿ ಕೊಟ್ಟರೂ ಆಗದ್ದು ಒಂದು ಗುಡ್ಡ ಕುಸಿದಾಗ ಆಗುತ್ತದೆ.

ತಪ್ಪು ಬೆಕ್ಕು ತೆಗೆದವರದಾ?

2009ರಲ್ಲಿ ಆಸ್ಟ್ರೇಲಿಯಾದ ಡಾನಾ ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಉಪಗ್ರಹ ಚಿತ್ರ ಮತ್ತು ನೆಲದ ಮೇಲಿನ ಅಳತೆ ಎರಡನ್ನೂ ಇಟ್ಟುಕೊಂಡು, 2000ದಿಂದ 2007ರ ನಡುವೆ ದ್ವೀಪದ ಸುಮಾರು ಶೇಕಡಾ 40ರಷ್ಟು ಭಾಗದಲ್ಲಿ ಗಿಡಗಂಟೆ ಬದಲಾಗಿದೆ ಅಂತ ತೋರಿಸಿದರು. ಬೆಕ್ಕು ಮೊಲವನ್ನು ಹಿಡಿತದಲ್ಲಿ ಇಟ್ಟಿತ್ತು, ಬೆಕ್ಕು ಹೋದದ್ದೇ ಮೊಲ ಸಿಡಿಯಿತು ಅನ್ನುವುದು ಅವರ ವಾದ. ಸುದ್ದಿ ಜಗತ್ತಿನೆಲ್ಲೆಡೆ ಹೋಯಿತು.

ಅದೇ ವರ್ಷ ಜಾನ್ ಡೌಡಿಂಗ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಬರೆದರು. ಅವರ ತಕರಾರು ಹೀಗೆ: ಮಿಕ್ಸೋಮಾ ವೈರಸ್‌ನ ಪರಿಣಾಮ ವರ್ಷದಿಂದ ವರ್ಷಕ್ಕೆ ತಗ್ಗುತ್ತಾ ಬಂದಿತ್ತು. ಮೊಲ ಹೆಚ್ಚಲು ಮುಖ್ಯ ಕಾರಣ ಅದು, ಬೆಕ್ಕು ಹೋದದ್ದಲ್ಲ.

ಯಾರು ಸರಿ? ಇಲ್ಲಿ ನಿಧಾನವಾಗಿ ಯೋಚಿಸಬೇಕು. ಹಿರಿಯ ಪರಿಸರ ವಿಜ್ಞಾನಿಯ ಕೆಲಸ ನಿಜವಾಗಿ ಇರುವುದು ಇಂಥ ಕಡೆ.

ಡೌಡಿಂಗ್ ಕಡೆಗೆ ಒಂದು ಗಟ್ಟಿ ಪುರಾವೆ ಇದೆ. 1978ರಲ್ಲಿ ಬೆಕ್ಕುಗಳು ದ್ವೀಪದ ತುಂಬ ಓಡಾಡುತ್ತಿದ್ದವು. ಮೊಲಗಳೂ ಒಂದೂವರೆ ಲಕ್ಷ ಇದ್ದವು. ಬೆಕ್ಕಿಗೆ ಮೊಲವನ್ನು ತಡೆಯುವ ಶಕ್ತಿ ಇದ್ದಿದ್ದರೆ ಅಷ್ಟು ಮೊಲ ಆಗುತ್ತಿರಲಿಲ್ಲ. ಮೊಲವನ್ನು ಕೆಳಗಿಳಿಸಿದ್ದು ವೈರಸ್, ಇದರಲ್ಲಿ ಅನುಮಾನ ಇಲ್ಲ.

ಆದರೆ ಮೊಲ ಒಂದೂವರೆ ಲಕ್ಷ ಇರುವಾಗ ಬೆಕ್ಕು ಏನು ಮಾಡುತ್ತದೆ, ಮೊಲ ಹದಿನೈದು ಸಾವಿರ ಇರುವಾಗ ಅದೇ ಬೆಕ್ಕು ಏನು ಮಾಡುತ್ತದೆ, ಇವೆರಡೂ ಒಂದೇ ಅಲ್ಲ. ದೊಡ್ಡ ಹಿಂಡಿನಿಂದ ಸಾವಿರ ಮರಿ ಹೋದರೆ ಗೊತ್ತೇ ಆಗುವುದಿಲ್ಲ, ಹುಟ್ಟುವ ಮರಿಗಳು ಅದನ್ನು ತುಂಬಿಬಿಡುತ್ತವೆ. ಚಿಕ್ಕ ಹಿಂಡಿನಿಂದ ಅಷ್ಟೇ ಮರಿ ಹೋದರೆ ಹಿಂಡು ಏಳುವುದಕ್ಕೇ ಆಗುವುದಿಲ್ಲ. ವೈರಸ್ ಕೆಳಗೆ ತಳ್ಳಿದ ಮೇಲೆ ಬೆಕ್ಕು ಅದನ್ನು ಅಲ್ಲೇ ಒತ್ತಿ ಹಿಡಿದಿರುವುದು ಸಾಧ್ಯ. ಅಂದರೆ ಬರ್ಗ್‌ಸ್ಟ್ರಾಮ್ ಹೇಳುವುದರಲ್ಲೂ ಹುರುಳಿದೆ. ವೈರಸ್ ದುರ್ಬಲ ಆಗುತ್ತಿದ್ದ ಕಾಲದಲ್ಲೇ ಬೆಕ್ಕೂ ಹೋಯಿತು. ಎರಡು ಹಿಡಿತ ಒಟ್ಟಿಗೆ ಸಡಿಲಾದಾಗ ಯಾವುದರ ಪಾಲು ಎಷ್ಟು ಅಂತ ಆಮೇಲೆ ಬಿಡಿಸಿ ನೋಡುವುದು ಬಹಳ ಕಷ್ಟ. ಪಕ್ಕದಲ್ಲಿ ಬೆಕ್ಕು ಉಳಿಸಿಕೊಂಡ ಇನ್ನೊಂದು ಮ್ಯಾಕ್ವಾರಿ ಇಲ್ಲವಲ್ಲ, ಹೋಲಿಸಿ ನೋಡಲು.

ನನ್ನ ತೀರ್ಮಾನ ಇದು. ವೈರಸ್‌ನ ಪಾಲು ಜಾಸ್ತಿ, ಬೆಕ್ಕಿನ ಪಾಲು ಕಡಿಮೆ, ಆದರೆ ಸೊನ್ನೆ ಅಲ್ಲ. ಅದಕ್ಕಿಂತ ಮುಖ್ಯ, ಯಾರ ವಾದ ಗೆದ್ದರೂ 2007ರಲ್ಲಿ ಮಾಡಬೇಕಾದ ಕೆಲಸ ಬದಲಾಗುತ್ತಿರಲಿಲ್ಲ. ಮೊಲ ಹೋಗಲೇಬೇಕಿತ್ತು. ಎಲ್ಲ ಉತ್ತರ ಸಿಕ್ಕಿದ ಮೇಲೆ ಕೆಲಸ ಶುರು ಮಾಡೋಣ ಅಂತ ಕೂತಿದ್ದರೆ ಇಳಿಜಾರಿನ ಮಣ್ಣು ಕಾಯುತ್ತಿರಲಿಲ್ಲ. ಯಾವ ಅನುಮಾನ ಬಗೆಹರಿದರೆ ನಿರ್ಧಾರ ಬದಲಾಗುತ್ತದೆ, ಯಾವುದು ಬಗೆಹರಿದರೂ ಬದಲಾಗುವುದಿಲ್ಲ, ಇದನ್ನು ಬೇರ್ಪಡಿಸಿ ತಂಡಕ್ಕೆ ಹೇಳುವುದು ಹಿರಿಯರ ಜವಾಬ್ದಾರಿ. ಮೊದಲನೆಯದಕ್ಕೆ ಹಣ, ಸಮಯ ಹಾಕಬೇಕು. ಎರಡನೆಯದು ಪ್ರಬಂಧಗಳಲ್ಲಿ ಮುಂದುವರಿಯಲಿ.

ಇನ್ನು ಬೆಕ್ಕು ತೆಗೆದದ್ದು ತಪ್ಪಾ ಅನ್ನುವ ಪ್ರಶ್ನೆ. ತೆಗೆಯದೆ ಇದ್ದಿದ್ದರೆ ವರ್ಷ ವರ್ಷವೂ ಹತ್ತಾರು ಸಾವಿರ ಹಕ್ಕಿ ಸಾಯುತ್ತಿದ್ದವು. ಮೊಲ, ಇಲಿ, ಬೆಕ್ಕು ಎಲ್ಲವನ್ನೂ 1985ರಲ್ಲೇ ಒಟ್ಟಿಗೆ ತೆಗೆಯಬಹುದಿತ್ತಲ್ಲ ಅನ್ನುವವರಿಗೆ ಆಗಿನ ಸ್ಥಿತಿ ನೆನಪಿಸಬೇಕು. ಇಷ್ಟು ದೊಡ್ಡ, ಇಷ್ಟು ದೂರದ ದ್ವೀಪದಲ್ಲಿ ಇಲಿಗಳನ್ನು ಪೂರ್ತಿ ತೆಗೆದ ಉದಾಹರಣೆ ಆಗ ಇರಲೇ ಇಲ್ಲ. ನ್ಯೂಜಿಲೆಂಡ್ ತನ್ನ ಕ್ಯಾಂಪ್‌ಬೆಲ್ ದ್ವೀಪದಲ್ಲಿ ಹೆಲಿಕಾಪ್ಟರ್‌ನಿಂದ ವಿಷ ಎರಚಿ ಇಲಿ ನಿರ್ಮೂಲ ಮಾಡಿದ್ದು 2001ರಲ್ಲಿ. ಅದು ಸುಮಾರು 113 ಚದರ ಕಿ.ಮೀ. ಇರುವ ದ್ವೀಪ. ಮ್ಯಾಕ್ವಾರಿಯಂಥ ಜಾಗದಲ್ಲೂ ಇದು ಆಗುತ್ತದೆ ಅನ್ನುವ ಧೈರ್ಯ ಬಂದದ್ದು ಅದಾದ ಮೇಲೆ. ಹಿಂದಿನವರನ್ನು ಅವರ ಕೈಯಲ್ಲಿದ್ದ ಸಾಧನ ನೋಡಿ ತೂಗಬೇಕು, ನಮ್ಮ ಕೈಯಲ್ಲಿ ಇರುವುದನ್ನು ನೋಡಿ ಅಲ್ಲ.

ನ್ಯೂಜಿಲೆಂಡಿನ ಹೌಟುರು ದ್ವೀಪದಲ್ಲೂ ಇಂಥದ್ದೇ ಆಯಿತು. ಅಲ್ಲಿ 1980ರಲ್ಲಿ ಬೆಕ್ಕು ತೆಗೆದರು, ಕುಕ್ಸ್ ಪೆಟ್ರೆಲ್ ಅನ್ನುವ ಹಕ್ಕಿಗೆ ಒಳ್ಳೆಯದಾಗಲಿ ಅಂತ. ಆದರೆ ಮರಿಗಳು ಬದುಕುವ ಪ್ರಮಾಣ ಶೇಕಡಾ 32ರಿಂದ 9ಕ್ಕೆ ಬಿತ್ತು. ಬೆಕ್ಕು ಇಲಿಯನ್ನು ಅದುಮಿ ಹಿಡಿದಿತ್ತು. ಬೆಕ್ಕು ಹೋದ ಮೇಲೆ ಇಲಿ ಮೊಟ್ಟೆ, ಮರಿಗೆ ಬಾಯಿ ಹಾಕಿತು. 2004ರಲ್ಲಿ ಇಲಿಯನ್ನೂ ತೆಗೆದ ಮೇಲೆ ಅದೇ ಪ್ರಮಾಣ 59ಕ್ಕೆ ಏರಿತು. ಅರ್ಧ ಮಾಡಿದ ಕೆಲಸ ಸುಮ್ನೆ ಬಿಟ್ಟದ್ದಕ್ಕಿಂತ ಕೆಟ್ಟದಾಗಬಹುದು, ಪೂರ್ತಿ ಮಾಡಿದ ಕೆಲಸ ಎರಡಕ್ಕಿಂತಲೂ ಚೆನ್ನಾಗಿರಬಹುದು.

ಮೂರನ್ನೂ ಒಟ್ಟಿಗೆ

2007ರಲ್ಲಿ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾ ಸರ್ಕಾರಗಳು ಸೇರಿ 2.46 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿದವು. ಮೊಲ, ದೊಡ್ಡ ಇಲಿ, ಚಿಟ್ಟಿಲಿ ಮೂರನ್ನೂ ಒಂದೇ ಸಲಕ್ಕೆ ತೆಗೆಯುವ ಯೋಜನೆ. ಮೊಲ ಮಾತ್ರ ತೆಗೆದರೆ ಇಲಿಗೆ ಬೀಜ, ಹುಲ್ಲು ಎಲ್ಲ ಜಾಸ್ತಿ ಸಿಗುತ್ತದೆ, ಅವು ಏಳುತ್ತವೆ. ಬೆಕ್ಕಿನ ವಿಷಯದಲ್ಲಿ ಕಂಡದ್ದನ್ನು ಇಲ್ಲಿ ಮತ್ತೆ ಆಗಲು ಬಿಡಲಿಲ್ಲ.

ಆರಿಸಿದ ವಿಷ ಬ್ರೋಡಿಫಾಕಮ್. ಅದು ಕೆಲಸ ಮಾಡುವ ರೀತಿ ತಿಳಿದರೆ ಮುಂದಿನ ಸಂಕಟವೂ ಅರ್ಥವಾಗುತ್ತದೆ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ದೇಹ ಅದನ್ನು ಒಮ್ಮೆ ಬಳಸಿ ಎಸೆಯುವುದಿಲ್ಲ, ಮತ್ತೆ ಮತ್ತೆ ಸರಿಮಾಡಿಕೊಂಡು ಬಳಸುತ್ತದೆ. ಬ್ರೋಡಿಫಾಕಮ್ ಆ ಸರಿಮಾಡುವ ಕೆಲಸವನ್ನು ನಿಲ್ಲಿಸುತ್ತದೆ. ಇರುವ ದಾಸ್ತಾನು ಮುಗಿಯುವವರೆಗೆ ಪ್ರಾಣಿಗೆ ಏನೂ ಆಗುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಈ ತಡವೇ ಇಲಿಗೆ ಬೇಕಾದದ್ದು. ತಿಂದ ತಕ್ಷಣ ಹೊಟ್ಟೆ ನೋವು ಬಂದರೆ ಇಲಿ ಮತ್ತೆ ಆ ವಿಷದ ಗುಳಿಗೆ ಮುಟ್ಟುವುದಿಲ್ಲ. ನೋವಿಗೂ ತಿಂದದ್ದಕ್ಕೂ ನಂಟು ಕಾಣದಿದ್ದರೆ ಸಾಯುವಷ್ಟು ತಿನ್ನುತ್ತದೆ. ಆದರೆ ಆ ವಿಷ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸತ್ತ ಮೊಲವನ್ನು ತಿಂದ ಹಕ್ಕಿಗೂ ಅದು ಹೋಗುತ್ತದೆ.

ಚಳಿಗಾಲವನ್ನು ಆರಿಸಿದ್ದು ಅದಕ್ಕೇ. ಆಗ ಸ್ಕುವಾ ಮತ್ತು ಬೇರೆ ಬಹಳಷ್ಟು ಹಕ್ಕಿಗಳು ದ್ವೀಪದಲ್ಲಿ ಇರುವುದಿಲ್ಲ. ಮೊಲ, ಇಲಿ ಮರಿ ಹಾಕುವ ಕಾಲವೂ ಅದಲ್ಲ, ಅವಕ್ಕೆ ಹಸಿವೂ ಜಾಸ್ತಿ. ಆದರೆ ಅದೇ ಚಳಿಗಾಲದಲ್ಲಿ ಹಗಲು ಚಿಕ್ಕದು, ಗಾಳಿ ಜೋರು. ಹೆಲಿಕಾಪ್ಟರ್ ಹಾರಿಸಲು ಆಗುವ ಗಂಟೆಗಳು ಬೆರಳೆಣಿಕೆ. ಹಕ್ಕಿಗೆ ಒಳ್ಳೆಯ ಕಾಲ ಪೈಲಟ್‌ಗೆ ಕೆಟ್ಟ ಕಾಲ.

2010ರಲ್ಲಿ ಅದೇ ಆಯಿತು. ಹಡಗು ತಡವಾಯಿತು, ಹವಾಮಾನ ಬಿಡಲಿಲ್ಲ. ದ್ವೀಪದ ಹತ್ತನೇ ಒಂದು ಪಾಲಿಗೂ ಕಡಿಮೆ ಜಾಗಕ್ಕೆ ವಿಷ ಹಾಕುವಷ್ಟರಲ್ಲಿ ಚಳಿಗಾಲ ಜಾರಿಹೋಗುತ್ತಿತ್ತು. ಹಣ ಖರ್ಚಾಗಿದೆ, ಜನ, ಹಡಗು, ಹೆಲಿಕಾಪ್ಟರ್ ಎಲ್ಲ ಅಲ್ಲೇ ಇವೆ. ಆಗ ನಿಲ್ಲಿಸಿ ಹಿಂದಿರುಗಿದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವ ತೀರ್ಮಾನ ಇದು. ನಿರ್ಮೂಲನೆಯಲ್ಲಿ ಶೇಕಡಾ 99 ಅಂದರೆ ಸೋಲು. ಒಂದು ಜೋಡಿ ಇಲಿ ಉಳಿದರೆ ಕೆಲವೇ ವರ್ಷದಲ್ಲಿ ಎಲ್ಲ ಮೊದಲಿನ ಹಾಗೆ. ಅಲ್ಲದೆ ವಸಂತದಲ್ಲಿ ಹಕ್ಕಿಗಳು ವಾಪಸ್ ಬರುವಾಗ ದ್ವೀಪದ ತುಂಬ ವಿಷದ ಗುಳಿಗೆ, ಸತ್ತ ಮೊಲ ಇರಬಾರದು. ಇಷ್ಟು ಖರ್ಚಾಗಿದೆ, ಹೇಗೋ ಮುಗಿಸಿಬಿಡೋಣ ಅನ್ನುವ ಒತ್ತಡ ಎಂಥವರನ್ನೂ ಎಳೆಯುತ್ತದೆ. ಅದನ್ನು ತಡೆಯಲು ಒಂದೇ ದಾರಿ, ಯಾವ ಸ್ಥಿತಿ ಬಂದರೆ ನಿಲ್ಲಿಸುತ್ತೇವೆ ಅಂತ ಹೊರಡುವ ಮೊದಲೇ ಬರೆದಿಟ್ಟುಕೊಳ್ಳುವುದು. ಗಾಳಿಯಲ್ಲಿ, ದಣಿವಿನಲ್ಲಿ, ಎಲ್ಲರ ಮುಖ ನೋಡುತ್ತಾ ಆ ಗೆರೆ ಎಳೆಯುವುದಕ್ಕೆ ಆಗುವುದಿಲ್ಲ.

ಆದರೂ ಆ ಸ್ವಲ್ಪ ಜಾಗದಲ್ಲಿ ಹಾಕಿದ ವಿಷಕ್ಕೇ ನೂರಾರು ಹಕ್ಕಿಗಳು ಸತ್ತವು. ಜಯಂಟ್ ಪೆಟ್ರೆಲ್, ಕೆಲ್ಪ್ ಗಲ್, ಸ್ಕುವಾ. ಹೆಚ್ಚಿನವು ಹೆಣ ತಿಂದು ಬದುಕುವ ಹಕ್ಕಿಗಳು. ಅಂದಾಜಿಗಿಂತ ಹೆಚ್ಚೇ ಸತ್ತಿದ್ದವು. ಯೋಜನೆ ಕೈಬಿಡಬೇಕು ಅನ್ನುವ ಮಾತೂ ಬಂತು, ಮರುಪರಿಶೀಲನೆ ನಡೆಯಿತು.

ಅಲ್ಲಿ ಹೊರಬಂದ ಉಪಾಯ ನೋಡಿ. ಹಕ್ಕಿಗೆ ವಿಷ ಹೋಗುತ್ತಿರುವುದು ವಿಷ ತಿಂದು ಸತ್ತ ಮೊಲದಿಂದ. ವಿಷ ಹಾಕುವ ಮೊದಲೇ ಮೊಲಗಳು ಬೇರೆ ಕಾರಣಕ್ಕೆ ಸತ್ತಿದ್ದರೆ? 2011ರ ಫೆಬ್ರವರಿಯಲ್ಲಿ ಮೊಲಗಳಿಗೆ ಮಾತ್ರ ತಗಲುವ ಕ್ಯಾಲಿಸಿವೈರಸ್ ಬಿಟ್ಟರು. ಮೊಲಗಳ ಬಹುಪಾಲು ಅದರಿಂದಲೇ ಸತ್ತವು. ಆ ಹೆಣಗಳನ್ನು ಹಕ್ಕಿ ತಿಂದರೂ ಏನೂ ಆಗುವುದಿಲ್ಲ. ಮೇ ತಿಂಗಳಿಂದ ಹೆಲಿಕಾಪ್ಟರ್‌ಗಳು ಜಿಪಿಎಸ್ ಗೆರೆ ಹಿಡಿದು ಇಡೀ ದ್ವೀಪಕ್ಕೆ ಗುಳಿಗೆ ಎರಚಿದಾಗ, ವಿಷ ತಿಂದು ಸಾಯಲು ಉಳಿದಿದ್ದ ಮೊಲಗಳು ತೀರಾ ಕಡಿಮೆ. ಜೊತೆಗೆ ಜನ ನಡೆದು ಹೋಗಿ ಹೆಣಗಳನ್ನು ಹುಡುಕಿ ತೆಗೆಯುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಎರಡು ಹಂಗಾಮು ಸೇರಿ ಸಿಕ್ಕ ಹಕ್ಕಿಗಳ ಹೆಣ 2,000ಕ್ಕೂ ಹೆಚ್ಚು. ಇದನ್ನು ವರದಿಯ ಕೊನೆಯ ಪುಟಕ್ಕೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಜಯಂಟ್ ಪೆಟ್ರೆಲ್ ತಡವಾಗಿ ಪ್ರಾಯಕ್ಕೆ ಬರುವ, ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಒಂದು ಸತ್ತರೆ ಆ ಜಾಗ ತುಂಬಲು ವರ್ಷಗಳೇ ಬೇಕು. ಆ ನಷ್ಟ ಇಟ್ಟುಕೊಂಡೂ ಕೆಲಸ ಸರಿ ಅಂತ ನಾನು ಹೇಳುತ್ತೇನೆ, ಯಾಕಂದರೆ ನಷ್ಟ ಒಂದು ಸಲದ್ದು, ಮೊಲ-ಇಲಿಯ ಹಾನಿ ಪ್ರತಿ ವರ್ಷದ್ದು. ಆದರೆ ಹಾಗೆ ಹೇಳುವವರು ಮೊದಲು ಸತ್ತ ಹಕ್ಕಿಯ ಲೆಕ್ಕವನ್ನು ತಾವೇ ಮುಂದಿಡಬೇಕು.

ಕೊನೆಯ ಹದಿಮೂರು

ವಿಷ ಹಾಕಿ ಮುಗಿದ ಮೇಲೆ ಬೇಟೆಗಾರರೂ ತರಬೇತಾದ ನಾಯಿಗಳೂ ಇಳಿದರು. ಲ್ಯಾಬ್ರಡಾರ್, ಸ್ಪ್ರಿಂಗರ್ ಸ್ಪ್ಯಾನಿಯಲ್ ಜಾತಿಯ ನಾಯಿಗಳು. ಮೊಲದ ವಾಸನೆಗೆ ಮಾತ್ರ ನಿಲ್ಲಬೇಕು, ಪೆಂಗ್ವಿನ್, ಸೀಲ್, ಬಿಲದ ಹಕ್ಕಿ ಯಾವುದರ ಕಡೆಗೂ ತಿರುಗಬಾರದು. ಕಾಲಿಗೆ ಅಡ್ಡ ಬರುವಷ್ಟು ಪೆಂಗ್ವಿನ್ ಇರುವ ತೀರದಲ್ಲಿ ನಾಯಿಗೆ ಇದನ್ನು ಕಲಿಸುವುದು ಸಾಮಾನ್ಯ ಕೆಲಸ ಅಲ್ಲ.

ಉಳಿದಿದ್ದ ಮೊಲಗಳು ಮರಿಗಳೂ ಸೇರಿ 13. ಕೊನೆಯದು ಸಿಕ್ಕಿದ್ದು 2011ರ ನವೆಂಬರ್‌ನಲ್ಲಿ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದರು. ಹತ್ತಾರು ಸಾವಿರ ಕಿ.ಮೀ. ನಡೆದರು, ಇಲಿ ಹುಡುಕುವ ನಾಯಿಗಳೂ ಬಂದವು. ಸಿಗಲಿಲ್ಲ. ಸಿಗದಿರುವುದನ್ನೇ ಹುಡುಕುವುದು, ಅದಕ್ಕಾಗಿ ದಿನವೂ ಅದೇ ಇಳಿಜಾರು ಹತ್ತಿ ಇಳಿಯುವುದು ಎಂಥ ಶ್ರಮ ಅನ್ನುವುದು ಕ್ಷೇತ್ರದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಇಲ್ಲ ಅನ್ನಬೇಕಾದರೂ ಹುಡುಕಿದ ದಾಖಲೆ ಬೇಕು. ಎಲ್ಲಿ, ಯಾವಾಗ, ಎಷ್ಟು ಹೊತ್ತು, ಯಾವ ನಾಯಿಯೊಂದಿಗೆ ಅಂತ ಬರೆದಿಡದೆ 'ಕಾಣಲಿಲ್ಲ' ಅಂದರೆ ಆ ಮಾತಿಗೆ ಬೆಲೆ ಇಲ್ಲ. 2014ರ ಏಪ್ರಿಲ್‌ನಲ್ಲಿ ದ್ವೀಪದಲ್ಲಿ ಮೊಲ, ಇಲಿ ಇಲ್ಲ ಅಂತ ಘೋಷಣೆಯಾಯಿತು. ಮೂರನ್ನೂ ಒಟ್ಟಿಗೆ ತೆಗೆದ ದ್ವೀಪಗಳಲ್ಲಿ ಆ ಹೊತ್ತಿಗೆ ಇದೇ ದೊಡ್ಡದು.

ಈಗ

ಟಸಕ್ ಹುಲ್ಲು ಇಳಿಜಾರುಗಳಿಗೆ ವಾಪಸ್ ಬಂದಿದೆ. ಮೊಲ ಇದ್ದಾಗ ಬಂಡೆಯ ಸಂದಿಗಳಲ್ಲಿ ಮಾತ್ರ ಉಳಿದಿದ್ದ ಎಲೆಕೋಸು, ಪ್ಲ್ಯೂರೋಫಿಲಮ್ ಹರಡಿಕೊಂಡಿವೆ. ಇದು ಆಗುತ್ತದೆ ಅಂತ ಮೊದಲೇ ಹೇಳಲು ಸಾಧ್ಯವಾಗಿದ್ದಕ್ಕೆ ಒಂದು ಕಾರಣ, ದಶಕಗಳ ಹಿಂದೆಯೇ ಯಾರೋ ಸಣ್ಣ ಸಣ್ಣ ತುಣುಕು ನೆಲಕ್ಕೆ ಮೊಲ ನುಗ್ಗದ ಹಾಗೆ ಬೇಲಿ ಹಾಕಿ, ಒಳಗೆ ಏನು ಬೆಳೆಯುತ್ತದೆ ಅಂತ ಅಳೆಯುತ್ತಾ ಬಂದಿದ್ದರು. ಹಣ ಕೇಳುವಾಗ ಯಾರಿಗೂ ಆಕರ್ಷಕ ಅನ್ನಿಸದ ಕೆಲಸ ಅದು. ಕೊನೆಗೆ ಎಲ್ಲರೂ ನೆಚ್ಚಿಕೊಂಡಿದ್ದು ಅದನ್ನೇ. ಸುತ್ತಲಿನ ಕಡಲ ಬಂಡೆಗಳ ಮೇಲೆ ಮಾತ್ರ ಮರಿ ಮಾಡುತ್ತಿದ್ದ ನೀಲಿ ಪೆಟ್ರೆಲ್ ಈಗ ಮುಖ್ಯ ದ್ವೀಪದಲ್ಲೂ ಗೂಡು ಮಾಡುತ್ತಿದೆ. ಬೂದು ಪೆಟ್ರೆಲ್ ಹೆಚ್ಚುತ್ತಿದೆ.

ಎಲ್ಲವೂ ಸರಿಹೋಗಿಲ್ಲ. ಎತ್ತರದ ಬಯಲಿನಲ್ಲಿ ಅಜೊರೆಲ್ಲಾ ಅನ್ನುವ ಗಿಡ ಇದೆ. ನೆಲಕ್ಕೆ ಅಂಟಿಕೊಂಡು ದಿಂಬಿನ ಹಾಗೆ ಗಟ್ಟಿಯಾಗಿ ಬೆಳೆಯುತ್ತದೆ, ಮ್ಯಾಕ್ವಾರಿ ಬಿಟ್ಟು ಬೇರೆಲ್ಲೂ ಇಲ್ಲ. 2008ರ ಹೊತ್ತಿಗೆ ಇದು ದೊಡ್ಡ ಪ್ರಮಾಣದಲ್ಲಿ ಒಣಗಿ ಸಾಯುತ್ತಿರುವುದು ಕಂಡಿತು. 2010ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಗಿಡಗಳ ಪಟ್ಟಿಗೆ ಸೇರಿಸಿದರು. ಹವಾಮಾನ ಬದಲಾಗಿ ಗಾಳಿ ಹೆಚ್ಚಿದೆ, ಬೇಸಿಗೆಯಲ್ಲಿ ಗಿಡಕ್ಕೆ ಸಿಗುವ ತೇವ ಕಮ್ಮಿಯಾಗಿದೆ. ಒಣಗಿ ಸೊರಗಿದ ಗಿಡಕ್ಕೆ ರೋಗವೂ ಹತ್ತುತ್ತದೆ. ಮೊಲ ಹೋದರೂ ಇದು ನಿಂತಿಲ್ಲ. ಇದಕ್ಕೆ ಬೋನು, ಬಂದೂಕು, ಗುಳಿಗೆ ಯಾವುದೂ ನಾಟುವುದಿಲ್ಲ. ಅಜೊರೆಲ್ಲಾ ಸತ್ತ ಕಡೆ ಜಲ್ಲಿ ನೆಲ ಬಯಲಾಗುತ್ತದೆ, ಗಾಳಿ ಅದನ್ನು ಕೊರೆಯುತ್ತದೆ. ಎಲ್ಲಿ ಗಿಡ ಇನ್ನೂ ಹಸಿರಾಗಿದೆ, ಆ ಜಾಗಗಳಲ್ಲಿ ಏನು ಬೇರೆಯಾಗಿದೆ ಅಂತ ಹುಡುಕುವುದು ಸದ್ಯದ ಕೆಲಸ.

ಇನ್ನೊಂದು ಕೆಲಸ ಎಂದಿಗೂ ಮುಗಿಯುವುದಿಲ್ಲ. ದ್ವೀಪದಲ್ಲಿ ಸಂಶೋಧನಾ ಕೇಂದ್ರ ಇದೆ, ಹಡಗು ಬಂದು ಹೋಗುತ್ತಲೇ ಇರುತ್ತದೆ. ಆಹಾರದ ಪೆಟ್ಟಿಗೆ, ಕಟ್ಟಡದ ಸಾಮಾನು, ಬೂಟಿನ ಅಡಿಯ ಮಣ್ಣು, ಬ್ಯಾಗಿನ ಮೂಲೆಯ ಹುಲ್ಲಿನ ಬೀಜ ಎಲ್ಲವನ್ನೂ ಹಡಗು ಹೊರಡುವ ಮೊದಲೇ ತಪಾಸಣೆ ಮಾಡಬೇಕು. ಬಸುರಿ ಇಲಿ ಒಂದೇ ಒಂದು ಇಳಿದರೂ ಸಾಕು, 2.46 ಕೋಟಿ ಡಾಲರ್ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.